ಮನೆಯಲ್ಲಿ ಬೆಳೆದ ಸುವಾಸನೆಯ ಗಿಡ, ಔಷಧಿ ಗಿಡಗಳನ್ನು ಕೊಯ್ಯಲು ಸರಿಯಾದ ಹೊತ್ತು ಯಾವುದು?

ಗಿಡ ನೆಡುವುದು ಹೇಗೆ, ಗೊಬ್ಬರ ಎಷ್ಟು, ನೀರು ಎಷ್ಟು ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಯಾವಾಗ ಕೊಯ್ಯಬೇಕು ಅಂತ ಕೇಳಿ ನೋಡಿ, "ಚೆನ್ನಾಗಿ ಬೆಳೆದ ಮೇಲೆ ಕೊಯ್ಯಿರಿ" ಅನ್ನುವುದಕ್ಕಿಂತ ಜಾಸ್ತಿ ಉತ್ತರ ಬರುವುದಿಲ್ಲ. ಚೆನ್ನಾಗಿ ಬೆಳೆಯುವುದು ಅಂದರೆ ಏನು? ಎತ್ತರವಾ, ಎಲೆಯ ಸಂಖ್ಯೆಯಾ, ಹೂವಾ?

ತಿಂಗಳುಗಟ್ಟಲೆ ನೋಡಿಕೊಂಡ ಗಿಡವನ್ನು ಒಂದೆರಡು ವಾರ ಬೇಗ ಅಥವಾ ತಡವಾಗಿ ಕೊಯ್ದರೆ ಆ ಶ್ರಮದಲ್ಲಿ ದೊಡ್ಡ ಪಾಲು ಹೋಗಿಬಿಡುತ್ತದೆ. ಗಿಡ ನೋಡಲು ಹಸಿರಾಗಿಯೇ ಇರುತ್ತದೆ, ಒಣಗಿಸಿದ ಮೇಲೆ ಡಬ್ಬಿಯಲ್ಲಿ ಹುಲ್ಲಿನ ವಾಸನೆ ಮಾತ್ರ ಉಳಿಯುತ್ತದೆ. ಇದು ತಪ್ಪಿಸಬಹುದಾದ ನಷ್ಟ. ನಾನು ಹೇಳಬೇಕು ಅಂತಿರುವುದು ಇಷ್ಟೇ: ಕ್ಯಾಲೆಂಡರ್ ನೋಡಿ ಕೊಯ್ಯಬೇಡಿ, ಗಿಡ ನೋಡಿ ಕೊಯ್ಯಿರಿ. ಬೀಜದ ಪೊಟ್ಟಣದ ಮೇಲಿನ ದಿನದ ಲೆಕ್ಕ ಯಾವಾಗ ಗಿಡದ ಹತ್ತಿರ ಹೋಗಿ ನೋಡಲು ಶುರು ಮಾಡಬೇಕು ಅಂತ ಹೇಳುತ್ತದೆ, ಅಷ್ಟೇ. ಬಿಸಿಲು ಕಡಿಮೆ ಇದ್ದರೆ, ಕುಂಡ ಚಿಕ್ಕದಿದ್ದರೆ, ಚಳಿ ಜಾಸ್ತಿ ಇದ್ದರೆ ಆ ಲೆಕ್ಕ ವಾರಗಟ್ಟಲೆ ಆಚೀಚೆ ಆಗುತ್ತದೆ.

ಮೊದಲ ಹೆಜ್ಜೆ: ನಿಮಗೆ ಗಿಡದ ಯಾವ ಭಾಗ ಬೇಕು?

ಇದನ್ನು ತೀರ್ಮಾನ ಮಾಡದೆ ಮುಂದಕ್ಕೆ ಹೋಗಲು ಆಗುವುದಿಲ್ಲ. ಒಂದೇ ಗಿಡದಲ್ಲಿ ಎಲೆಗೆ ಒಂದು ಹೊತ್ತು, ಹೂವಿಗೆ ಒಂದು, ಬೀಜಕ್ಕೆ ಇನ್ನೊಂದು, ಬೇರಿಗೆ ಮತ್ತೊಂದು. ಗಿಡ ತನ್ನ ಶಕ್ತಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತಲೇ ಇರುತ್ತದೆ. ಎಳೆಯದಿದ್ದಾಗ ಎಲ್ಲಾ ಎಲೆಗೆ ಹೋಗುತ್ತದೆ. ಹೂ ಬಿಡುವ ಹೊತ್ತಿಗೆ ಎಲೆಯನ್ನು ಮರೆತು ಹೂವಿನ ಹಿಂದೆ ಬೀಳುತ್ತದೆ. ಆಮೇಲೆ ಬೀಜ. ಗೆಡ್ಡೆ ಅಥವಾ ದಪ್ಪ ಬೇರು ಇರುವ ಗಿಡಗಳಾದರೆ ಕೊನೆಗೆ ಮೇಲಿನದನ್ನೆಲ್ಲ ಒಣಗಲು ಬಿಟ್ಟು ಮಣ್ಣಿನ ಒಳಗೆ ಕೂಡಿಡುತ್ತವೆ.

ಹಾಗಾಗಿ ಸಾಮಾನ್ಯ ಸೂತ್ರ ಹೀಗೆ. ಎಲೆ ಬೇಕಿದ್ದರೆ ಮೊಗ್ಗು ಬಿಡುವ ಸ್ವಲ್ಪ ಮೊದಲು, ಹೆಚ್ಚೆಂದರೆ ಮೊದಲ ಮೊಗ್ಗು ಕಂಡ ಕೂಡಲೇ. ಹೂವು ಬೇಕಿದ್ದರೆ ಅರಳಿದ ಹೊಸದರಲ್ಲಿ, ಬಾಡಲು ಶುರುವಾಗುವ ಮೊದಲು. ಬೀಜ ಬೇಕಿದ್ದರೆ ಹಸಿರು ಹೋಗಿ ಕಂದು ಬಣ್ಣ ಬಂದ ಮೇಲೆ, ಆದರೆ ಉದುರುವ ಮೊದಲು. ಬೇರು, ಗೆಡ್ಡೆ ಬೇಕಿದ್ದರೆ ಎಲೆ ಹಳದಿಯಾಗಿ ಒಣಗಿದ ಮೇಲೆ. ಇದಕ್ಕೆ ಅಪವಾದಗಳು ಇವೆ, ಮುಂದೆ ಹೇಳುತ್ತೇನೆ.

ಎರಡನೆಯದು: ಒಂದು ಭೂತಗನ್ನಡಿ ಇಟ್ಟುಕೊಳ್ಳಿ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಚಿಕ್ಕ ಲೆನ್ಸ್ ಸಾಕು. ಒಂದು ಪುದೀನ ಎಲೆಯನ್ನು ಕಿತ್ತು, ಹಿಂಬದಿ ಮೇಲೆ ಮಾಡಿ, ಬೆಳಕಿಗೆ ಸ್ವಲ್ಪ ಓರೆಯಾಗಿ ಹಿಡಿದು ಲೆನ್ಸ್ ಅನ್ನು ಕಣ್ಣಿಗೆ ಅಂಟುವಷ್ಟು ಹತ್ತಿರ ತಂದು ನೋಡಿ. ಎಲೆಯ ನರಗಳ ನಡುವೆ ಅಲ್ಲಲ್ಲಿ ಚಿಕ್ಕ ಚಿಕ್ಕ ಗುಳಿ, ಅದರೊಳಗೆ ಹೊಳೆಯುವ ಹನಿಯಂಥ ಚುಕ್ಕೆಗಳು ಕಾಣುತ್ತವೆ. ಅವೇ ಎಣ್ಣೆಯ ಗ್ರಂಥಿಗಳು. ಪುದೀನದ ಘಮ ಪೂರ್ತಿ ಇರುವುದು ಅಲ್ಲೇ, ತೆಳುವಾದ ಪೊರೆಯ ಕೆಳಗೆ ತುಂಬಿಕೊಂಡು. ಬೆರಳಿನಿಂದ ಉಜ್ಜಿದ ಕೂಡಲೇ ವಾಸನೆ ಬರುತ್ತದಲ್ವಾ, ಅದು ಆ ಪೊರೆ ಒಡೆದದ್ದರಿಂದ.

ಇದನ್ನು ಒಮ್ಮೆ ಕಣ್ಣಾರೆ ಕಂಡರೆ ಬೇರೆ ಎಷ್ಟೋ ವಿಷಯ ತಾನಾಗಿಯೇ ಅರ್ಥವಾಗುತ್ತದೆ. ಕೊಯ್ಯುವಾಗ ಎಲೆಯನ್ನು ಹಿಸುಕಬಾರದು ಯಾಕೆ, ಒಣಗಿಸುವಾಗ ಜಾಸ್ತಿ ಬಿಸಿ ತಾಗಬಾರದು ಯಾಕೆ, ಒಣಗಿದ ಎಲೆಯನ್ನು ಪುಡಿ ಮಾಡಿ ಇಟ್ಟರೆ ಬೇಗ ವಾಸನೆ ಹೋಗುವುದು ಯಾಕೆ, ಎಲ್ಲದಕ್ಕೂ ಉತ್ತರ ಒಂದೇ: ಆ ಹನಿಗಳು ಒಡೆದು ಎಣ್ಣೆ ಗಾಳಿಗೆ ಹೋಗುತ್ತದೆ.

ತುಳಸಿ, ಕಾಮಕಸ್ತೂರಿ, ದೊಡ್ಡಪತ್ರೆ, ರೋಸ್‌ಮೇರಿ, ಥೈಮ್, ಒರೆಗಾನೊ, ಲ್ಯಾವೆಂಡರ್ ಎಲ್ಲವೂ ಪುದೀನದ ಕುಟುಂಬವೇ. ಎಲ್ಲದರಲ್ಲೂ ಈ ಗ್ರಂಥಿಗಳಿವೆ. ಗ್ರಂಥಿ ದುಂಡಗೆ ಉಬ್ಬಿ, ತಿಳಿಯಾಗಿ ಹೊಳೆಯುತ್ತಿದ್ದರೆ ಎಲೆ ತುಂಬಿದೆ ಅಂತ ಅರ್ಥ. ಮುದುರಿ, ಚಪ್ಪಟೆಯಾಗಿ, ಕಂದು ಬಣ್ಣಕ್ಕೆ ತಿರುಗಿದ್ದರೆ ಆ ಎಲೆಯ ಕಾಲ ಮುಗಿಯುತ್ತಾ ಬಂದಿದೆ. ಗಿಡದ ತುದಿಯಿಂದ ಒಂದು, ನಡುವಿನಿಂದ ಒಂದು, ಬುಡದಿಂದ ಒಂದು ಎಲೆ ತೆಗೆದು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಕಾಣುತ್ತದೆ. ಲೆನ್ಸ್ ಇಲ್ಲದಿದ್ದರೆ ಮೂಗು ಇದೆ: ಮೂರನ್ನೂ ಬೇರೆಬೇರೆ ಬೆರಳಿನಲ್ಲಿ ಉಜ್ಜಿ ಮೂಸಿ. ಬುಡದ ಹಳೆ ಎಲೆಯ ವಾಸನೆ ಮಂಕಾಗಿರುತ್ತದೆ, ತುದಿಯ ಎಳೆ ಎಲೆಯದು ಚುರುಕಾಗಿದ್ದರೂ ಸ್ವಲ್ಪ ಹಸಿಹಸಿ, ನಡುವಿನದು ಸಾಮಾನ್ಯವಾಗಿ ತುಂಬಿದ ಘಮ.

ಎಲೆಗಾಗಿ ಬೆಳೆದ ಗಿಡಗಳು

ಪುದೀನದಿಂದಲೇ ಶುರು ಮಾಡೋಣ, ಯಾಕೆಂದರೆ ಕೊಯ್ಯುವ ಹೊತ್ತು ಎಷ್ಟು ಮುಖ್ಯ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ. ಪೆಪ್ಪರ್‌ಮಿಂಟ್ ಜಾತಿಯ ಪುದೀನದಲ್ಲಿ ಎಲೆ ಎಳೆಯದಿದ್ದಾಗ ಮೆಂಥೋನ್ ಅನ್ನುವ ಅಂಶ ಜಾಸ್ತಿ ಇರುತ್ತದೆ. ಎಲೆ ಬಲಿಯುತ್ತಾ ಹೋದಂತೆ ಅದು ಮೆಂಥಾಲ್ ಆಗಿ ಬದಲಾಗುತ್ತದೆ, ಬಾಯಿಗೆ ತಣ್ಣಗೆ ಅನ್ನಿಸುವುದು ಆ ಮೆಂಥಾಲ್‌ನಿಂದಲೇ. ಅಂದರೆ ತೀರಾ ಎಳೆ ಚಿಗುರು ಕೊಯ್ದರೆ ತಂಪು ಕಡಿಮೆ. ಸರಿ, ಹಾಗಾದರೆ ಕಾಯೋಣ ಅಂತ ಹೂ ಪೂರ್ತಿ ಬಿಡುವ ತನಕ ಬಿಟ್ಟರೆ? ಹೂವಿನಲ್ಲಿ ಪುಲೆಗೋನ್, ಮೆಂಥೋಫ್ಯೂರಾನ್ ಅನ್ನುವ ಬೇರೆ ಅಂಶಗಳು ಸೇರಿಕೊಳ್ಳುತ್ತವೆ, ರುಚಿಗೆ ಒಂಥರಾ ಒರಟು ಬರುತ್ತದೆ. ಕೆಳಗಿನ ಎಲೆಗಳೂ ಅಷ್ಟು ಹೊತ್ತಿಗೆ ಉದುರಲು ಶುರುವಾಗಿರುತ್ತವೆ. ಹಾಗಾಗಿ ಮೊಗ್ಗು ಕಾಣಿಸಿಕೊಂಡು ಮೊದಲ ಒಂದೆರಡು ಹೂವು ಬಿಚ್ಚುವ ಹೊತ್ತೇ ಒಣಗಿಸಿಡಲು ಸರಿಯಾದದ್ದು. ದಿನಬಳಕೆಗೆ ನಾಲ್ಕು ಎಲೆ ಕೀಳುವುದಾದರೆ ಈ ಲೆಕ್ಕವೆಲ್ಲ ಬೇಡ, ಯಾವಾಗ ಬೇಕಿದ್ದರೂ ಕೀಳಿ.

ಕಾಮಕಸ್ತೂರಿ, ಅಂದರೆ ಬೇಸಿಲ್, ಇದಕ್ಕಿಂತ ಬೇಗ ಕೊಯ್ಲು ಕೇಳುತ್ತದೆ. ಆರೆಂಟು ಜೊತೆ ಎಲೆ ಬಂದ ಮೇಲೆ ಮೊದಲ ಕತ್ತರಿ ಹಾಕಬಹುದು. ಹಾಕಲೇಬೇಕು ಅಂತ ಹೇಳುತ್ತೇನೆ ನಾನು, ಯಾಕೆಂದರೆ ತುದಿ ಕತ್ತರಿಸದಿದ್ದರೆ ಗಿಡ ಒಂದೇ ಕಡ್ಡಿಯಾಗಿ ಮೇಲಕ್ಕೆ ಹೋಗಿ ಹೂ ಬಿಟ್ಟು ಎಲೆಯೆಲ್ಲ ಚಿಕ್ಕದಾಗಿಬಿಡುತ್ತದೆ. ಎಲೆ ಜೋಡಿ ಇರುವ ಗೆಣ್ಣಿನ ಸ್ವಲ್ಪ ಮೇಲೆ ಕತ್ತರಿಸಿ. ಆ ಗೆಣ್ಣಿನಲ್ಲಿ ಎಲೆ ಮತ್ತು ಕಾಂಡ ಸೇರುವ ಮೂಲೆಯಲ್ಲಿ ಎರಡು ಪುಟ್ಟ ಚಿಗುರು ಕಾಯುತ್ತಿರುತ್ತವೆ, ಒಂದು ಕಡ್ಡಿ ಇದ್ದ ಕಡೆ ಎರಡು ಬರುತ್ತವೆ. ಹೂಗೊನೆ ಬಂದಿದ್ದರೆ ಗೊನೆ ಮಾತ್ರ ಚಿವುಟುವುದು ಸಾಲದು, ಅದರ ಕೆಳಗಿನ ಒಂದೆರಡು ಜೊತೆ ಎಲೆಯ ಸಮೇತ ತೆಗೆಯಿರಿ.

ತುಳಸಿಯ ವಿಷಯ ಸ್ವಲ್ಪ ಬೇರೆ. ಎಣ್ಣೆಗಾಗಿ ಹೊಲದಲ್ಲಿ ಬೆಳೆಯುವವರು ಗಿಡ ಪೂರ್ತಿ ಹೂ ಬಿಟ್ಟಾಗ ಕೊಯ್ಯುತ್ತಾರೆ, ನೆಟ್ಟ ಸುಮಾರು 90 ದಿನಕ್ಕೆ ಮೊದಲ ಕೊಯ್ಲು, ಆಮೇಲೆ 75 ದಿನಕ್ಕೊಮ್ಮೆ, ನೆಲದಿಂದ 15 ಸೆಂಟಿಮೀಟರ್ ಬಿಟ್ಟು. ಅವರಿಗೆ ಎಲೆ, ಹೂಗೊನೆ, ಎಳೆ ಕಾಂಡ ಎಲ್ಲಾ ಸೇರಿ ಎಣ್ಣೆ ತೆಗೆಯುವುದು, ಹಾಗಾಗಿ ಅವರ ಲೆಕ್ಕ ಅವರಿಗೆ ಸರಿ. ಮನೆಯಲ್ಲಿ ಒಳ್ಳೆಯ ಎಲೆ ಬೇಕಿದ್ದವರು ಮೊಗ್ಗು ಮೂಡುವ ಹೊತ್ತಿಗೇ ಕೊಯ್ಯಬೇಕು. ಒಂದು ಕೆಲಸಕ್ಕೆ ಹೇಳಿದ ದಿನವನ್ನು ಇನ್ನೊಂದು ಕೆಲಸಕ್ಕೆ ಹಾಗೇ ಎತ್ತಿಕೊಂಡರೆ ಎಡವಟ್ಟಾಗುವುದು ಇಲ್ಲೇ.

ಮಜ್ಜಿಗೆಹುಲ್ಲಿಗೆ ಹೂವಿನ ಲೆಕ್ಕ ಬೇಡ. ಬುಡ ಬೆರಳಿನಷ್ಟು ದಪ್ಪ ಆಗಿದೆಯಾ ನೋಡಿ. ನೆಟ್ಟು ಮೂರು ತಿಂಗಳ ನಂತರ ಮೊದಲ ಕೊಯ್ಲು ಮಾಡಬಹುದು, ನೆಲದಿಂದ 10-15 ಸೆಂಟಿಮೀಟರ್ ಮೇಲೆ. ಹೊರಗಿನ ಕಡ್ಡಿಗಳಿಂದ ಶುರು ಮಾಡಿ. ದೊಡ್ಡಪತ್ರೆಯನ್ನು ಯಾವಾಗ ಬೇಕಿದ್ದರೂ ಕೀಳಬಹುದು, ದಪ್ಪ ಎಲೆ, ಒಣಗಿಸಲು ಹೋಗಬೇಡಿ, ಹಸಿಯಾಗಿಯೇ ಬಳಸಿ. ರೋಸ್‌ಮೇರಿ, ಥೈಮ್‌ಗಳಲ್ಲಿ ಕಟ್ಟಿಗೆಯಾಗಿರುವ ಹಳೆ ಕಾಂಡಕ್ಕೆ ಕತ್ತರಿ ಹಾಕಬೇಡಿ. ಅಲ್ಲಿಂದ ಮತ್ತೆ ಚಿಗುರುವುದು ಕಷ್ಟ. ಹಸಿರು, ಬಾಗುವ ಭಾಗ ಮಾತ್ರ ತೆಗೆಯಿರಿ.

ಲೋಳೆಸರಕ್ಕೆ ಒಂದು ಎಚ್ಚರಿಕೆ ಹೇಳಲೇಬೇಕು. ಕೆಳಗಿನ, ಹೊರಗಿನ, ದಪ್ಪವಾದ ಎಲೆಯನ್ನು ಬುಡದಿಂದ ತೆಗೆಯಿರಿ, ನಡುವಿನ ಎಳೆ ಎಲೆ ಮುಟ್ಟಬೇಡಿ. ಕತ್ತರಿಸಿದ ಕೂಡಲೇ ಹಳದಿ ರಸ ಸುರಿಯುತ್ತದೆ. ಅದು ಸಿಪ್ಪೆಗೂ ಲೋಳೆಗೂ ನಡುವೆ ಇರುವ ರಸ, ಅದರಲ್ಲಿ ಅಲೋಯಿನ್ ಇದೆ, ಹೊಟ್ಟೆಗೆ ಹೋದರೆ ಭೇದಿಯಾಗುತ್ತದೆ. ಎಲೆಯನ್ನು ಕತ್ತರಿಸಿದ ತುದಿ ಕೆಳಗೆ ಬರುವ ಹಾಗೆ ಒಂದು ಲೋಟದಲ್ಲಿ ಹದಿನೈದು ನಿಮಿಷ ನಿಲ್ಲಿಸಿ, ರಸ ಇಳಿದ ಮೇಲೆ ತೊಳೆದು ಸಿಪ್ಪೆ ತೆಗೆಯಿರಿ.

ಹೂವಿಗಾಗಿ ಬೆಳೆದ ಗಿಡಗಳು

ಹೂವಿನಲ್ಲಿ ಹೊತ್ತು ಇನ್ನೂ ಸೂಕ್ಷ್ಮ. ಎಲೆಗೆ ವಾರದ ಅವಕಾಶ ಇದ್ದರೆ ಹೂವಿಗೆ ಕೆಲವೇ ದಿನ.

ಕ್ಯಾಮೊಮೈಲ್ ಹೂವಿನಲ್ಲಿ ನಡುವೆ ಹಳದಿ ಗುಬ್ಬಿ, ಸುತ್ತ ಬಿಳಿ ಎಸಳು. ಎಸಳು ಮೇಲ್ಮುಖವಾಗಿ ಇನ್ನೂ ಮುಚ್ಚಿಕೊಂಡ ಹಾಗಿದ್ದರೆ ಬೇಗ ಆಯಿತು. ಎಸಳು ಅಡ್ಡಕ್ಕೆ ನೆಟ್ಟಗೆ ಹರಡಿಕೊಂಡಾಗ ಕೊಯ್ಯಿರಿ. ಪೂರ್ತಿ ಕೆಳಗೆ ಜೋತುಬಿದ್ದು, ಹಳದಿ ಗುಬ್ಬಿ ಬೆರಳು ತಾಗಿದರೆ ಪುಡಿಪುಡಿಯಾಗಿ ಉದುರುತ್ತಿದ್ದರೆ ತಡವಾಯಿತು, ಅಂಥದ್ದನ್ನು ಬೀಜಕ್ಕೆ ಬಿಡಿ. ಒಂದೇ ಗಿಡದಲ್ಲಿ ಎಲ್ಲಾ ಹೂವು ಒಟ್ಟಿಗೆ ತಯಾರಾಗುವುದಿಲ್ಲ, ಎರಡು ಮೂರು ದಿನಕ್ಕೊಮ್ಮೆ ಹೋಗಿ ಆರಿಸಿ ಕೀಳಬೇಕು. ಬೇಸರದ ಕೆಲಸ ಅನ್ನಿಸಬಹುದು, ಆದರೆ ಕೀಳುತ್ತಾ ಹೋದಷ್ಟು ಹೊಸ ಮೊಗ್ಗು ಬರುತ್ತದೆ.

ಹಳದಿ, ಕೇಸರಿ ಬಣ್ಣದ ಹೂ ಬಿಡುವ ಕ್ಯಾಲೆಂಡುಲಾಗೆ ಬೆರಳೇ ಪರೀಕ್ಷೆ. ಪೂರ್ತಿ ಅರಳಿದ ಹೂವಿನ ಕೆಳಗಿನ ಹಸಿರು ಬಟ್ಟಲನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಮೆಲ್ಲಗೆ ಒತ್ತಿ ಬಿಡಿ. ಬೆರಳು ಅಂಟಂಟಾದರೆ ರಾಳ ತುಂಬಿದೆ, ಕೀಳಬಹುದು. ಅಂಟಿಲ್ಲದಿದ್ದರೆ ಇನ್ನೊಂದು ದಿನ ಬಿಸಿಲು ಬೀಳಲಿ. ಆ ಹಸಿರು ಬಟ್ಟಲಿನಲ್ಲೇ ರಾಳ ಜಾಸ್ತಿ ಇರುವುದು, ಎಸಳು ಮಾತ್ರ ಕಿತ್ತರೆ ಮುಖ್ಯವಾದದ್ದೇ ಗಿಡದಲ್ಲಿ ಉಳಿಯುತ್ತದೆ.

ಲ್ಯಾವೆಂಡರ್‌ನಲ್ಲಿ ನೀವು ಏನು ಮಾಡುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಗೊಂಚಲು ಕಟ್ಟಿ ಒಣಗಿಸಿ ಇಡುವುದಾದರೆ ತೆನೆಯಲ್ಲಿ ಒಂದೆರಡು ಹೂವು ಬಿಚ್ಚಿದಾಗಲೇ ಕತ್ತರಿಸಿ, ಇಲ್ಲದಿದ್ದರೆ ಒಣಗಿದ ಮೇಲೆ ಎಲ್ಲಾ ಉದುರುತ್ತದೆ. ಎಣ್ಣೆ ತೆಗೆಯುವುದಾದರೆ ಅರ್ಧದಷ್ಟಾದರೂ ಹೂವು ಅರಳಲಿ.

ತಂಪು ಪ್ರದೇಶಗಳಲ್ಲಿ ಕೆಲವರು ಹಾಪ್ಸ್ ಬಳ್ಳಿಯನ್ನೂ ಬೆಳೆಯುತ್ತಾರೆ, ಬಿಯರ್‌ಗೆ ಕಹಿ ಮತ್ತು ಘಮ ಕೊಡಲು ಹಾಕುವುದು ಇದರ ಹೂವನ್ನೇ. ಗಾಂಜಾ ಗಿಡದ ಕುಟುಂಬಕ್ಕೇ ಸೇರಿದ ಬಳ್ಳಿ ಅದು. ಅದರ ಹೂವು ಪುಟ್ಟ ಹಸಿರು ಶಂಕುವಿನ ಹಾಗೆ ಪದರಪದರವಾಗಿರುತ್ತದೆ. ಒಂದನ್ನು ಕಿತ್ತು ಒತ್ತಿ ನೋಡಿ. ಒದ್ದೆಯಾಗಿ, ಒತ್ತಿದ ಹಾಗೇ ಚಪ್ಪಟೆಯಾಗಿ ಉಳಿದರೆ ಕಾಯಬೇಕು. ಕಾಗದದ ಹಾಗೆ ಸರಸರ ಸದ್ದು ಮಾಡಿ, ಬಿಟ್ಟ ಕೂಡಲೇ ಮತ್ತೆ ಉಬ್ಬಿಕೊಂಡರೆ ಹತ್ತಿರ ಬಂದಿದೆ. ಉದ್ದಕ್ಕೆ ಸೀಳಿದರೆ ಎಸಳುಗಳ ಬುಡದಲ್ಲಿ ಗಾಢ ಹಳದಿ ಪುಡಿ ಕಾಣಬೇಕು, ಲೂಪುಲಿನ್ ಅಂತ ಅದರ ಹೆಸರು, ಮೂಸಿದರೆ ಘಾಟು ಹೊಡೆಯುತ್ತದೆ. ಪುಡಿ ತಿಳಿ ಹಳದಿ ಇದ್ದರೆ ಬೇಗ, ಕಂದು ಕೇಸರಿಗೆ ತಿರುಗಿದ್ದರೆ ತಡ.

ಬೀಜ

ಕೊತ್ತಂಬರಿ ಬೀಜದ ವಿಷಯ ನನಗೆ ತುಂಬಾ ಇಷ್ಟ, ಯಾಕೆಂದರೆ ಅಲ್ಲಿ ಮೂಗು ಎಂದೂ ಮೋಸ ಮಾಡುವುದಿಲ್ಲ. ಹಸಿರು ಕಾಯಿಯನ್ನು ಹಿಸುಕಿ ಮೂಸಿದರೆ ತಿಗಣೆಯಂಥ ವಾಸನೆ ಬರುತ್ತದೆ. ಅದು ಆಲ್ಡಿಹೈಡ್ ಅನ್ನುವ ಅಂಶಗಳದ್ದು, ಸೊಪ್ಪಿನಲ್ಲಿ ಇರುವುದೂ ಅದೇ ಗುಂಪು. ಕಾಯಿ ಬಲಿತು ಒಣಗುತ್ತಾ ಬಂದಂತೆ ಅವು ಕಡಿಮೆಯಾಗಿ ಲಿನಲೂಲ್ ಮೇಲಾಗುತ್ತದೆ, ಆಗ ನಮಗೆ ಗೊತ್ತಿರುವ ಸಿಹಿಯಾದ ಧನಿಯಾ ಘಮ ಬರುತ್ತದೆ. ಗೊಂಚಲಿನ ಹೆಚ್ಚು ಪಾಲು ಬೀಜ ಕಂದು ಬಣ್ಣಕ್ಕೆ ಬಂದಾಗ ಇಡೀ ಗಿಡವನ್ನು ಬುಡದಿಂದ ಕತ್ತರಿಸಿ. ಕೊನೆಯ ಹಸಿರು ಬೀಜವೂ ಕಂದಾಗಲಿ ಅಂತ ಕಾದರೆ ಮೊದಲು ಬಲಿತವು ನೆಲಕ್ಕೆ ಉದುರಿರುತ್ತವೆ. ಕತ್ತರಿಸಿದ್ದನ್ನು ಕಾಗದದ ಚೀಲದೊಳಗೆ ತಲೆಕೆಳಗಾಗಿ ಕಟ್ಟಿ ನೇತುಹಾಕಿದರೆ ಉಳಿದವು ಅಲ್ಲೇ ಒಣಗಿ ಚೀಲಕ್ಕೆ ಬೀಳುತ್ತವೆ. ಸಬ್ಬಸಿಗೆ, ಸೋಂಪು, ಓಂಕಾಳಿಗೂ ಇದೇ ಕ್ರಮ ನಡೆಯುತ್ತದೆ.

ಬೇರು ಮತ್ತು ಗೆಡ್ಡೆ

ಮಣ್ಣಿನೊಳಗೆ ಇರುವುದನ್ನು ನೋಡಲು ಆಗುವುದಿಲ್ಲ, ಹಾಗಾಗಿ ಮೇಲಿನ ಎಲೆಯನ್ನು ಓದಬೇಕು. ಅರಿಶಿನ ತಳಿಗೆ ತಕ್ಕ ಹಾಗೆ 7ರಿಂದ 9 ತಿಂಗಳು ತೆಗೆದುಕೊಳ್ಳುತ್ತದೆ. ಎಲೆ ಹಳದಿಯಾಗಿ, ಆಮೇಲೆ ಕಂದಾಗಿ, ಕೊನೆಗೆ ಮಡಚಿ ಬೀಳುತ್ತದೆ. ಒಂದೆರಡು ಎಲೆ ಹಳದಿಯಾದ ಕೂಡಲೇ ಅಗೆಯಲು ಓಡಬೇಡಿ, ನೀರು ಜಾಸ್ತಿ ಆದರೂ ಎಲೆ ಹಳದಿಯಾಗುತ್ತದೆ. ಪೂರ್ತಿ ಗಿಡ ಒಣಗುತ್ತಾ ಬಂದಾಗ ನೀರು ನಿಲ್ಲಿಸಿ, ಮಣ್ಣು ಒಣಗಿದ ಮೇಲೆ ಅಗೆಯಿರಿ.

ಶುಂಠಿಯಲ್ಲಿ ಮತ್ತೆ ನಿಮ್ಮ ಉದ್ದೇಶದ ಪ್ರಶ್ನೆ. ನಾರಿಲ್ಲದ ಎಳೆ ಶುಂಠಿ ಬೇಕಿದ್ದರೆ ಐದಾರು ತಿಂಗಳಿಗೆ, ಎಲೆ ಇನ್ನೂ ಹಸಿರಿರುವಾಗಲೇ ತೆಗೆಯಬಹುದು. ಒಣಶುಂಠಿ ಮಾಡಲು ಅಥವಾ ತುಂಬಾ ದಿನ ಇಡಲು ಸುಮಾರು 8 ತಿಂಗಳು, ಎಲೆ ಒಣಗುವ ತನಕ. ಅನುಮಾನ ಇದ್ದರೆ ಬದಿಯ ಮಣ್ಣು ಸರಿಸಿ ಗೆಡ್ಡೆಯ ಸಿಪ್ಪೆಯನ್ನು ಹೆಬ್ಬೆರಳಿನಿಂದ ಉಜ್ಜಿ. ಸಿಪ್ಪೆ ಸುಲಭವಾಗಿ ಎದ್ದು ಬಂದರೆ ಎಳೆಯದು, ಗಟ್ಟಿಯಾಗಿ ಕೂತಿದ್ದರೆ ಬಲಿತಿದೆ. ನೋಡಿ ಆದ ಮೇಲೆ ಮಣ್ಣು ಮುಚ್ಚಿಬಿಡಿ, ಗಿಡಕ್ಕೆ ಏನೂ ಆಗುವುದಿಲ್ಲ.

ಅಶ್ವಗಂಧಕ್ಕೆ 150ರಿಂದ 180 ದಿನ. ಎಲೆ ಒಣಗಲು ಶುರುವಾಗಿ, ಕಾಗದದಂಥ ಪೊರೆಯೊಳಗಿನ ಪುಟ್ಟ ಹಣ್ಣು ಕೆಂಪಾಗಿದ್ದರೆ ಬೇರು ತಯಾರಿದೆ. ಎಳೆಯುವುದಲ್ಲ, ಸುತ್ತ ಆಳವಾಗಿ ಮಣ್ಣು ಸಡಿಲ ಮಾಡಿ ಎತ್ತಬೇಕು, ಇಲ್ಲದಿದ್ದರೆ ಬೇರಿನ ತುದಿ ಮುರಿದು ಒಳಗೇ ಉಳಿಯುತ್ತದೆ. ಅಂದ ಹಾಗೆ, ಅಶ್ವಗಂಧ ಬೆಳೆಯುವುದು ಬೇರೆ, ತೆಗೆದುಕೊಳ್ಳುವುದು ಬೇರೆ. ಗರ್ಭಿಣಿಯರು, ಥೈರಾಯ್ಡ್ ಅಥವಾ ಬೇರೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಬೇಡಿ.

ದಿನ ಮತ್ತು ಹೊತ್ತು

ವಾರ ಗೊತ್ತಾಯಿತು, ಈಗ ದಿನ. ಹಿಂದಿನ ಒಂದೆರಡು ದಿನ ಬಿಸಿಲಿದ್ದು, ಮಳೆ ಇಲ್ಲದ ದಿನ ಆರಿಸಿಕೊಳ್ಳಿ. ಮೋಡ ಮುಚ್ಚಿದ, ಮಳೆ ಬಿದ್ದ ಮರುದಿನ ಪುದೀನ ಕೊಯ್ದರೆ ಎಣ್ಣೆ ಕಡಿಮೆ ಸಿಗುತ್ತದೆ ಅಂತ ಬೆಳೆಗಾರರಿಗೆ ಚೆನ್ನಾಗಿ ಗೊತ್ತು, ಜೊತೆಗೆ ಒದ್ದೆ ಎಲೆ ಒಣಗುವ ಮೊದಲೇ ಕಪ್ಪಾಗುತ್ತದೆ.

ಹೊತ್ತು ಅಂದರೆ ಬೆಳಗ್ಗೆ, ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು. ಮಧ್ಯಾಹ್ನದ ಬಿಸಿಗೆ ಎಣ್ಣೆ ಎಲೆಯಿಂದಲೇ ಆರಿಹೋಗುತ್ತಿರುತ್ತದೆ, ಎಲೆಯೂ ಬಾಡಿರುತ್ತದೆ. ಹಸಿ ಸೊಪ್ಪಾಗಿ ಬಳಸಲು ಕೀಳುವುದಾದರೆ ಮಾತ್ರ ಇಬ್ಬನಿ ಇರುವಾಗಲೇ, ಎಲೆ ನೀರು ತುಂಬಿ ಗರಿಗರಿ ಇದ್ದಾಗ ಕೀಳುವುದು ಒಳ್ಳೆಯದು.

ಎಲೆಯ ಮೇಲೆ ಧೂಳು ಇದೆಯಾ? ಹಿಂದಿನ ದಿನ ಬೆಳಗ್ಗೆ ಗಿಡದ ಮೇಲೇ ನೀರು ಚಿಮುಕಿಸಿ ತೊಳೆದುಬಿಡಿ. ಕೊಯ್ದ ಮೇಲೆ ತೊಳೆದರೆ ಆ ತೇವ ಹೋಗಲು ಇನ್ನೊಂದು ದಿನ ಬೇಕು. ಬೇವಿನೆಣ್ಣೆ ಅಥವಾ ಬೇರೆ ಯಾವುದೇ ಸಿಂಪಡಣೆ ಮಾಡಿದ್ದರೆ ಅದರ ಲೇಬಲ್ ಮೇಲೆ ಬರೆದಷ್ಟು ದಿನ ಕಳೆಯದೆ ಕೊಯ್ಯಲೇಬಾರದು. ಇದರಲ್ಲಿ ರಾಜಿ ಇಲ್ಲ.

ಕತ್ತರಿ

ಹರಿತವಾದ, ಒರೆಸಿ ಶುಚಿ ಮಾಡಿದ ಕತ್ತರಿ. ಕೈಯಿಂದ ಕಿತ್ತರೆ ಕಾಂಡದ ಸಿಪ್ಪೆ ಸೀಳಿ ಗಾಯವಾಗುತ್ತದೆ, ರೋಗ ಅಲ್ಲಿಂದ ಒಳಗೆ ಹೋಗುತ್ತದೆ. ವರ್ಷಗಟ್ಟಲೆ ಇರುವ ಗಿಡದಲ್ಲಿ ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ. ಪುದೀನ, ಮಜ್ಜಿಗೆಹುಲ್ಲು ಗಟ್ಟಿ ಜೀವ, ಅವು ಬುಡದ ಹತ್ತಿರ ಕತ್ತರಿಸಿದರೂ ಮತ್ತೆ ಬರುತ್ತವೆ.

ಕೊಯ್ದದ್ದನ್ನು ಬುಟ್ಟಿಯಲ್ಲಿ ಸಡಿಲವಾಗಿ ಹಾಕಿ. ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಒಂದು ಗಂಟೆ ಬಿಟ್ಟರೆ ಒಳಗೆ ಬೆವೆತು ಬಿಸಿಯಾಗುತ್ತದೆ. ಹಳದಿ ಎಲೆ, ಹುಳ ತಿಂದದ್ದು, ಬಿಳಿ ಬೂದಿಯಂಥ ರೋಗ ಹತ್ತಿದ್ದು ಇದ್ದರೆ ಅಲ್ಲೇ ಆರಿಸಿ ಎಸೆಯಿರಿ. ದಟ್ಟ ಹೂಗೊಂಚಲಾದರೆ ಒಂದನ್ನು ಬಿಡಿಸಿ ಒಳಗೆ ನೋಡಿ. ಹೊರಗೆ ಚೆಂದ ಕಂಡರೂ ಒಳಗೆ ಬೂದು ಬಣ್ಣದ ಬೂಷ್ಟು ಇರಬಹುದು. ಬೂಷ್ಟು ಬಂದಿದ್ದು ಒಣಗಿಸಿದರೆ ಸರಿಹೋಗುವುದಿಲ್ಲ, ಬಳಸಬೇಡಿ.

ಬಿಡುವಿಲ್ಲ, ಆದರೆ ಗಿಡ ತಯಾರಾಗಿದೆ ಅಂತಾದರೆ? ಎಲೆಯ ಗಿಡವಾದರೆ ಮೊಗ್ಗು ಚಿವುಟಿ ಒಂದು ವಾರ ಮುಂದೂಡಬಹುದು. ಬೇರಿನ ಗಿಡವಾದರೆ ಮಣ್ಣು ಒಣಗಿರುವ ತನಕ ಇನ್ನೂ ಕೆಲವು ವಾರ ಕಾಯುತ್ತದೆ. ಹೂವು, ಬೀಜ ಮಾತ್ರ ಕಾಯುವುದಿಲ್ಲ.

ಒಣಗಿಸುವುದು

ಒಳ್ಳೆ ಹೊತ್ತಿಗೆ ಕೊಯ್ದದ್ದನ್ನು ಬಿಸಿಲಿನಲ್ಲಿ ಹರಡಿ ಹಾಳು ಮಾಡುವುದು ನೋಡಿದರೆ ನಿಜವಾಗಿ ಹೊಟ್ಟೆ ಉರಿಯುತ್ತದೆ. ಎಲೆ, ಹೂವಿಗೆ ನೆರಳು ಬೇಕು, ಗಾಳಿ ಬೇಕು, ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಎಂಟು ಹತ್ತು ಕಡ್ಡಿಯ ಸಣ್ಣ ಕಟ್ಟು ಮಾಡಿ ತಲೆಕೆಳಗಾಗಿ ನೇತುಹಾಕಿ, ಕಟ್ಟುಗಳು ಒಂದಕ್ಕೊಂದು ತಾಗದಿರಲಿ. ದೊಡ್ಡ ಕಟ್ಟು ಮಾಡಿದರೆ ನಡುವಿನದು ಒಣಗದೆ ಕಪ್ಪಾಗುತ್ತದೆ. ಬಿಡಿ ಎಲೆ, ಹೂವನ್ನು ಬಲೆಯ ತಟ್ಟೆಯ ಮೇಲೆ ಒಂದೇ ಪದರ ಹರಡಿ. ಫ್ಯಾನ್ ಹಾಕಿದರೆ ನೇರವಾಗಿ ಅದರ ಮೇಲೆ ಬೀಸದೆ ಕೋಣೆಯಲ್ಲಿ ಗಾಳಿ ಆಡುವ ಹಾಗಿರಲಿ.

ಬೇರು, ಗೆಡ್ಡೆಗೆ ಇಷ್ಟು ನಾಜೂಕು ಬೇಡ. ತೊಳೆದು, ದಪ್ಪ ಇದ್ದರೆ ಹೆಚ್ಚಿ, ಬಿಸಿಲಿನಲ್ಲೇ ಒಣಗಿಸಬಹುದು. ಅರಿಶಿನವನ್ನು ಮೊದಲು ಕಡ್ಡಿ ಚುಚ್ಚಿದರೆ ಸಲೀಸಾಗಿ ಹೋಗುವಷ್ಟು ಬೇಯಿಸಿಕೊಂಡು ಆಮೇಲೆ ಒಣಗಿಸುತ್ತಾರೆ.

ಆಯಿತು ಅಂತ ಹೇಗೆ ತಿಳಿಯುವುದು? ಎಲೆ ಮುಟ್ಟಿದರೆ ಸರಸರ ಪುಡಿಯಾಗಬೇಕು, ಆದರೆ ಅದನ್ನು ನಂಬಿ ನಿಲ್ಲಬೇಡಿ, ಎಲೆ ಒಣಗಿದರೂ ಕಾಂಡದಲ್ಲಿ ತೇವ ಇರುತ್ತದೆ. ಕಾಂಡ ಬಗ್ಗಿಸಿ. ಬಾಗಿದರೆ ಇನ್ನೂ ಇದೆ, ಪಟ್ ಅಂತ ಮುರಿದರೆ ಆಯಿತು. ಕ್ಯಾಲೆಂಡುಲಾದಲ್ಲಿ ಎಸಳಲ್ಲ, ಆ ಹಸಿರು ಬಟ್ಟಲು ಮುರಿದು ನೋಡಬೇಕು. ಅಶ್ವಗಂಧದ ಬೇರು ಕಡ್ಡಿಯ ಹಾಗೆ ಮುರಿಯಬೇಕು.

ಡಬ್ಬಿ

ಗಾಜಿನ ಡಬ್ಬಿ, ಬಿಗಿ ಮುಚ್ಚಳ, ಕತ್ತಲೆ ಜಾಗ. ಎಲೆಯನ್ನು ಇಡಿಯಾಗಿಯೇ ತುಂಬಿ, ಬಳಸುವಾಗ ಪುಡಿ ಮಾಡಿ. ಮೊದಲ ಒಂದು ವಾರ ದಿನಾ ಒಂದು ಸಲ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ. ಗಾಜಿನ ಒಳಗೆ ಮಂಜು ಕಟ್ಟಿದ್ದರೆ, ಅಥವಾ ಹಾಕುವಾಗ ಗರಿಗರಿ ಇದ್ದ ಎಲೆ ಮೆತ್ತಗಾಗಿದ್ದರೆ ಕಾಂಡದ ತೇವ ಹೊರಗೆ ಬಂದಿದೆ. ಕೂಡಲೇ ಎಲ್ಲಾ ಹೊರಗೆ ಹರಡಿ ಇನ್ನೊಂದೆರಡು ದಿನ ಒಣಗಿಸಿ. ಮುಚ್ಚಳ ತೆಗೆದಾಗ ಹುಳಿ ಅಥವಾ ಮುಗ್ಗಲು ವಾಸನೆ ಬಂದರೆ ಆ ಡಬ್ಬಿಯನ್ನು ಪೂರ್ತಿ ಎಸೆಯಬೇಕು, ಮೇಲಿನದು ಚೆನ್ನಾಗಿದೆ ಅಂತ ಅರ್ಧ ಉಳಿಸಿಕೊಳ್ಳಬೇಡಿ.

ಚೀಟಿ ಅಂಟಿಸುವಾಗ ಸುಮ್ನೆ ಗಿಡದ ಹೆಸರು ಬರೆದು ಬಿಡಬೇಡಿ. ಕೊಯ್ದ ದಿನ, ಆಗ ಗಿಡ ಹೇಗಿತ್ತು ಅನ್ನುವುದನ್ನೂ ಬರೆಯಿರಿ: ಮೊಗ್ಗು ಮೂಡಿತ್ತಾ, ಎರಡು ಹೂ ಬಿಚ್ಚಿತ್ತಾ, ಗ್ರಂಥಿ ತಿಳಿಯಾಗಿತ್ತಾ. ಒಂದೇ ಗಿಡದ ಎರಡು ಕೊಯ್ಲನ್ನು ಬೇರೆಬೇರೆ ಡಬ್ಬಿಯಲ್ಲಿಟ್ಟು ಎರಡು ತಿಂಗಳು ಬಿಟ್ಟು ಮೂಸಿ ನೋಡಿದರೆ ನಿಮ್ಮ ಜಾಗದಲ್ಲಿ, ನಿಮ್ಮ ಗಿಡಕ್ಕೆ ಯಾವ ಹೊತ್ತು ಸರಿ ಅಂತ ಯಾವ ಲೇಖನಕ್ಕಿಂತಲೂ ಚೆನ್ನಾಗಿ ಗೊತ್ತಾಗುತ್ತದೆ. ಎಲೆ, ಹೂವು ಸುಮಾರು ಒಂದು ವರ್ಷ ಘಮ ಹಿಡಿದುಕೊಳ್ಳುತ್ತವೆ, ಬೇರು ಇನ್ನೂ ಜಾಸ್ತಿ ದಿನ. ಉಜ್ಜಿದರೂ ವಾಸನೆ ಬಾರದ ಎಲೆಯನ್ನು ಇಟ್ಟುಕೊಂಡು ಪ್ರಯೋಜನ ಇಲ್ಲ, ಗೊಬ್ಬರದ ಗುಂಡಿಗೆ ಹಾಕಿ, ಡಬ್ಬಿ ತೊಳೆದು ಒಣಗಿಸಿಡಿ.